ಸೆರೆಶಿಬಿರದಲ್ಲಿ ಶಾರ್ಙ್ಗದೇವನ ತಾಳ

ಕೆಲವು ತಿಂಗಳ ಹಿಂದೆ ನಮ್ಮ ಸಂಘದ ಸಭಾಗೃಹದಲ್ಲಿ ದಾಸವಾಣಿ ಕಾರ್ಯಕ್ರಮ ಮುಗಿದು ಜಮಖಾನೆ ಸುತ್ತಿಡುವ ಹೊತ್ತಿಗೆ, ಅಂದು ಮೃದಂಗ ನುಡಿಸಿದ ತರುಣರೊಬ್ಬರು ನಮ್ಮ ಬಳಿ ಬಂದು ಒಂದು ಪ್ರಶ್ನೆ ಕೇಳಿದರು. "ಸರ್, ಪಾಶ್ಚಾತ್ಯರ ಸಂಗೀತದಲ್ಲಿ ನಮ್ಮ ಹಾಗೆ ಭಕ್ತಿ ಅನ್ನೋದು ಉಂಟೇ? ಹಳೇ ಕಾಲದಲ್ಲಿ ಚರ್ಚಿನಲ್ಲಿ ಇದ್ದಿರಬಹುದು. ಈ ಕಾಲದವರಲ್ಲಿ ಇದೆಯೇ?" ಜೊತೆಗೇ ಇನ್ನೊಂದನ್ನೂ ಸೇರಿಸಿದರು: "ಅವರಲ್ಲಿ ತಾಳವಂತೂ ಬರೀ ಒಂದು-ಎರಡು-ಮೂರು-ನಾಲ್ಕು, ಅಲ್ಲವೇ?" ಎರಡು ಪ್ರಶ್ನೆಗಳಿಗೂ ಒಂದೇ ಕೃತಿಯಲ್ಲಿ ಉತ್ತರವಿದೆ ಎಂದು ನಾವು ಹೇಳಿದೆವು. ಚಹಾದ ಲೋಟ ಕೈಯಲ್ಲಿ ಹಿಡಿದು ನಿಂತಲ್ಲೇ ಅದನ್ನೆಲ್ಲ ಹೇಳಿ ಮುಗಿಸುವಂತಿರಲಿಲ್ಲ. ಬರೆದು ಕೊಡುತ್ತೇವೆಂದು ಮಾತು ಕೊಟ್ಟೆವು. ಆ ಮಾತಿನ ಫಲವೇ ಈ ಲೇಖನ.

ಮೊದಲು ಒಂದೆರಡು ಸಂಗತಿ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೆಂದರೆ ನೂರು ಜನ ವಾದ್ಯಗಾರರು, ಎದುರಿಗೆ ಕೋಲು ಬೀಸುವ ಒಬ್ಬ ನಿರ್ದೇಶಕ, ಇಷ್ಟೇ ಚಿತ್ರ ನಮ್ಮಲ್ಲಿ ಬಹುಮಂದಿಯ ಕಣ್ಣಿಗೆ ಕಟ್ಟುವುದು. ಆದರೆ ಮೂವರು, ನಾಲ್ವರು, ಐವರು ಒಂದು ಕೋಣೆಯಲ್ಲಿ ಕುಳಿತು ನುಡಿಸುವ 'ಚೇಂಬರ್ ಸಂಗೀತ' ಅವರ ಪರಂಪರೆಯ ಅತ್ಯಂತ ಸೂಕ್ಷ್ಮವಾದ ಶಾಖೆ. ಅಲ್ಲಿ ನಿರ್ದೇಶಕನಿಲ್ಲ, ನಮ್ಮ ಕಚೇರಿಯಲ್ಲಿ ಪಕ್ಕವಾದ್ಯದವರು ಒಬ್ಬರನ್ನೊಬ್ಬರು ನೋಡಿಕೊಂಡು ನಡೆಯುವಂತೆ ಅವರೂ ನಡೆಯುತ್ತಾರೆ. ಇನ್ನೊಂದು ಶಾಖೆ ವೃಂದಗಾನದ್ದು. ಅದು ಚರ್ಚಿನ ಮಡಿಲಲ್ಲೇ ಹುಟ್ಟಿದ್ದು. ಇಪ್ಪತ್ತನೆಯ ಶತಮಾನದಲ್ಲಿ ಯೂರೋಪಿನ ವಿದ್ಯಾವಂತರಲ್ಲಿ ದೇವರ ಮೇಲಿನ ನಂಬಿಕೆ ಸಡಿಲಾಗುತ್ತ ಬಂದಾಗ ವೃಂದಗಾನ ಹೇಗೋ ಉಳಿಯಿತು. ಪ್ರಾರ್ಥನೆ ಚೇಂಬರ್ ಸಂಗೀತದೊಳಗೂ ಬಂದು ಸೇರಿದ್ದು ನಿಜವಾದ ಸೋಜಿಗ.

ಭಾರತದ ಕಡೆ ಕಣ್ಣು ಹಾಯಿಸಿದವರೂ ಅವರಲ್ಲಿದ್ದರು. ಗುಸ್ತಾವ್ ಹೋಲ್ಸ್ಟ್ ಎಂಬ ಆಂಗ್ಲ ಸಂಯೋಜಕರು ಸಂಸ್ಕೃತ ಕಲಿತು, 1908ರಿಂದ 1912ರ ಅವಧಿಯಲ್ಲಿ ಋಗ್ವೇದದ ಸೂಕ್ತಗಳನ್ನು ತಾವೇ ಇಂಗ್ಲಿಷಿಗೆ ತಂದು ನಾಲ್ಕು ಗುಚ್ಛಗಳ ವೃಂದಗಾನ ರಚಿಸಿದರು. ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಯೋಜಕರ ಕೃತಿಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು ಹಣ ಒದಗಿಸಿದ್ದನ್ನೂ, ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾಂಚೆರ್ಟೊವನ್ನು ಅವರಿಗೆ ಅರ್ಪಿಸಿದ್ದನ್ನೂ ಹಿರಿಯ ಓದುಗರು ಬಲ್ಲರು. ಅದು ಬೇರೆಯೇ ಒಂದು ಲೇಖನದ ವಸ್ತು. ನಾವಿಲ್ಲಿ ಹೇಳಹೊರಟಿರುವುದು ಒಲಿವಿಯೆ ಮೆಸಿಯಾನ್ ಎಂಬ ಫ್ರೆಂಚರ ವಿಷಯ. ಅವರು ಭಾರತಕ್ಕೆ ಶಿಷ್ಯರಾಗಿ ಬಂದವರಲ್ಲ, ಸಂಸ್ಕೃತ ಬಲ್ಲವರೂ ಅಲ್ಲ. ಆದರೂ ನಮ್ಮ ದೇಶೀ ತಾಳಗಳು ಅವರ ಕೈ ಸೇರಿ ಜರ್ಮನರ ಯುದ್ಧಕೈದಿಗಳ ಶಿಬಿರವೊಂದರಲ್ಲಿ ಮೊಳಗಿದವು.

ಮೆಸಿಯಾನ್ ಹುಟ್ಟಿದ್ದು 1908ರ ಡಿಸೆಂಬರ್ 10ರಂದು, ದಕ್ಷಿಣ ಫ್ರಾನ್ಸಿನ ಅವಿನ್ಯೋಂ ಪಟ್ಟಣದಲ್ಲಿ. ತಂದೆ ಇಂಗ್ಲಿಷ್ ಅಧ್ಯಾಪಕರು, ಷೇಕ್ಸ್‌ಪಿಯರನನ್ನು ಫ್ರೆಂಚಿಗೆ ತಂದವರು. ತಾಯಿ ಸೆಸಿಲ್ ಸೊವಾಜ್ ಕವಯಿತ್ರಿ. 1931ರಲ್ಲಿ, ಇನ್ನೂ ಇಪ್ಪತ್ತೆರಡರ ಪ್ರಾಯದಲ್ಲಿ, ಪ್ಯಾರಿಸಿನ ತ್ರಿನಿತೆ ಚರ್ಚಿನಲ್ಲಿ ಆರ್ಗನ್ ವಾದಕರಾಗಿ ನೇಮಕಗೊಂಡರು. 1992ರಲ್ಲಿ ತೀರಿಕೊಳ್ಳುವವರೆಗೆ, ಅರವತ್ತು ವರ್ಷಕ್ಕೂ ಮೀರಿ, ಆ ಸೇವೆ ಬಿಡಲಿಲ್ಲ. ಜಗತ್ತೇ ಹೆಸರು ಹೇಳುವ ಸಂಯೋಜಕರಾದ ಮೇಲೂ ಭಾನುವಾರ ಬಂತೆಂದರೆ ಆ ಚರ್ಚಿನ ಆರ್ಗನ್ ಮುಂದೆ ಹಾಜರು. ಅವರ ಕ್ಯಾಥೊಲಿಕ್ ನಂಬಿಕೆಯಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ. ಆ ಕಾಲದ ಕಲಾವಿದರಲ್ಲಿ ಇಂಥ ನಿಶ್ಶಂಕೆ ಅಪರೂಪ. ಕೆಲವರಿಗೆ ಅದು ತುಸು ಕಿರಿಕಿರಿಯನ್ನೂ ಉಂಟುಮಾಡುತ್ತಿತ್ತು.

1939ರಲ್ಲಿ ಯುದ್ಧ ಬಂತು. ದೃಷ್ಟಿ ಮಂದವಾದ್ದರಿಂದ ಮೆಸಿಯಾನ್ ಬಂದೂಕು ಹಿಡಿಯುವ ಯೋಧರಾಗಲಿಲ್ಲ. ಆಸ್ಪತ್ರೆಯ ಕೆಲಸಕ್ಕೆ ಬಿದ್ದು ವೆರ್ದಂಗೆ ಬಂದರು. ಅಲ್ಲಿ ಇಬ್ಬರು ಸಂಗೀತಗಾರರ ಗೆಳೆತನವಾಯಿತು. ಒಬ್ಬರು ಎಟಿಯೆನ್ ಪಾಸ್ಕಿಯೆ. ಚೆಲ್ಲೊ ವಾದಕರು, ಅಣ್ಣ ತಮ್ಮಂದಿರೇ ಸೇರಿ ಕಟ್ಟಿದ 'ಪಾಸ್ಕಿಯೆ ತ್ರಯ'ದಿಂದ ಅದಾಗಲೇ ಹೆಸರು ಮಾಡಿದವರು. ಇನ್ನೊಬ್ಬರು ಕ್ಲಾರಿನೆಟ್ ವಾದಕ ಆಂರಿ ಅಕೋಕಾ, ಅಲ್ಜೀರಿಯದಲ್ಲಿ ಹುಟ್ಟಿದ ಯಹೂದಿ. ಬೆಳಗಿನ ಜಾವದ ಪಹರೆಯೆಂದರೆ ಉಳಿದ ಸಿಪಾಯಿಗಳಿಗೆ ಶಿಕ್ಷೆ, ಮೆಸಿಯಾನರಿಗೆ ಹಬ್ಬ. ಕತ್ತಲೆ ಕರಗುವ ಹೊತ್ತಿಗೆ ಒಂದು ಹಕ್ಕಿ ಸಣ್ಣಗೆ ಕೂಗುತ್ತದೆ, ಇನ್ನೊಂದು ಓಗೊಡುತ್ತದೆ, ನೋಡನೋಡುತ್ತ ಇಡೀ ಕಾಡು ಮೇಳವಾಗುತ್ತದೆ. ಪಾಸ್ಕಿಯೆಯವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಮೆಸಿಯಾನ್ ಇದನ್ನು ಆಲಿಸುತ್ತಿದ್ದರಂತೆ. ಅಕೋಕಾ ತಮ್ಮ ವಾದ್ಯವನ್ನು ಜೊತೆಯಲ್ಲೇ ಇಟ್ಟುಕೊಂಡಿದ್ದರು. ಅವರಿಗಾಗಿ ಒಂಟಿ ಕ್ಲಾರಿನೆಟ್ಟಿನ ಒಂದು ತುಣುಕು ಹುಟ್ಟಿಕೊಂಡಿತು.

1940ರ ಜೂನ್‌ನಲ್ಲಿ ಫ್ರಾನ್ಸ್ ಕುಸಿಯಿತು. ಮೂವರೂ ಜರ್ಮನರಿಗೆ ಸೆರೆ ಸಿಕ್ಕರು. ಸಾವಿರಾರು ಕೈದಿಗಳ ಜೊತೆ ನಾನ್ಸಿ ಪಟ್ಟಣದ ಬಳಿ ಬಯಲಿನಲ್ಲಿ ಕೂಡಿಹಾಕಿದ್ದಾಗ ಅಕೋಕಾ ಆ ತುಣುಕನ್ನು ಮೊದಲ ಸಲ ನುಡಿಸಿ ನೋಡಿದರು. ಕಾಗದ ಹಿಡಿಯಲು ಸ್ಟ್ಯಾಂಡ್ ಎಲ್ಲಿ ಬರಬೇಕು? ಪಾಸ್ಕಿಯೆಯೇ ಸ್ಟ್ಯಾಂಡಾಗಿ ನಿಂತರು. ಇದನ್ನು ನುಡಿಸಲು ಸಾಧ್ಯವೇ ಇಲ್ಲ ಎಂದು ಅಕೋಕಾ ಗೊಣಗುತ್ತಲೇ ಇದ್ದರಂತೆ, ನುಡಿಸುತ್ತಲೂ ಇದ್ದರಂತೆ. ಮುಂದೆ ಬರೆದ ದೊಡ್ಡ ಕೃತಿಯಲ್ಲಿ ಅದು 'ಹಕ್ಕಿಗಳ ಪ್ರಪಾತ' ಎಂಬ ಮೂರನೆಯ ಭಾಗವಾಯಿತು.

ಅಲ್ಲಿಂದ ಅವರನ್ನು ಸಾಗಿಸಿದ್ದು ಸೈಲೀಸಿಯದ ಗೋರ್ಲಿಟ್ಸ್ ಪಟ್ಟಣಕ್ಕೆ, 'ಸ್ಟಾಲಾಗ್ 8-ಎ' ಎಂಬ ಯುದ್ಧಕೈದಿಗಳ ಶಿಬಿರಕ್ಕೆ. ಯುದ್ಧಾನಂತರ ಗಡಿ ಬದಲಾಗಿ, ನೈಸೆ ನದಿಯ ಪೂರ್ವಕ್ಕಿದ್ದ ಆ ಜಾಗ ಈಗ ಪೋಲೆಂಡಿನ ಜ್ಗೊಜೆಲೆತ್ಸ್ ಪಟ್ಟಣಕ್ಕೆ ಸೇರಿದೆ. ಇದು ವಿಷಾನಿಲದ ಶಿಬಿರವಾಗಿರಲಿಲ್ಲ, ಸೈನಿಕರ ಸೆರೆಮನೆ ಎಂಬುದನ್ನು ಗಮನಿಸಬೇಕು. ಎರಡನ್ನೂ ಒಂದೇ ಮಾಡಿ ಬರೆಯುವ ರೂಢಿ ಇದೆ, ಅದು ತಪ್ಪು. ಫ್ರೆಂಚ್ ಕೈದಿಗಳಿಗೆ ಅಂತರರಾಷ್ಟ್ರೀಯ ಒಪ್ಪಂದದ ರಕ್ಷಣೆ ತಕ್ಕಮಟ್ಟಿಗಾದರೂ ಇತ್ತು. ಪುಸ್ತಕಗಳಿದ್ದವು, ನಾಟಕಕ್ಕೆಂದು ಒಂದು ಬ್ಯಾರಕ್ ಇತ್ತು. ಅದೇ ಶಿಬಿರಕ್ಕೆ ಮರುವರ್ಷ ತಂದುಹಾಕಿದ ಸೋವಿಯತ್ ಕೈದಿಗಳಿಗೆ ಆ ರಕ್ಷಣೆ ಯಾವುದೂ ಸಿಗಲಿಲ್ಲ. ಅವರು ಹಸಿವು ಕಾಯಿಲೆಗಳಿಂದ ಸಾವಿರಾರು ಸಂಖ್ಯೆಯಲ್ಲಿ ಸತ್ತರು. ಆದರೂ 1940ರ ಚಳಿಗಾಲ ಫ್ರೆಂಚರಿಗೂ ಸುಖದ್ದಾಗಿರಲಿಲ್ಲ. ಚಳಿ, ತೆಳು ಸಾರು, ಮುಗಿಯದ ದಿನಗಳು. ಹಸಿವಿನಿಂದ ಕನಸಿನಲ್ಲಿ ಬಣ್ಣಗಳು ಸುರುಳಿ ಸುತ್ತುತ್ತಿದ್ದುದನ್ನು ಮೆಸಿಯಾನ್ ಮುಂದೆ ಹೇಳಿಕೊಂಡಿದ್ದಾರೆ. ಸ್ವರ ಕೇಳಿದರೆ ಬಣ್ಣ ಕಾಣುವುದು ಅವರಿಗೆ ಹುಟ್ಟಿನಿಂದ ಬಂದ ಗುಣ. ಹಸಿವು ಅದನ್ನು ಇನ್ನಷ್ಟು ಹೆಚ್ಚಿಸಿತ್ತು.

ಶಿಬಿರದಲ್ಲಿ ನಾಲ್ಕನೆಯವರು ಜೊತೆಯಾದರು: ಪಿಟೀಲು ವಾದಕ ಜಾನ್ ಲ ಬುಲೇರ್. ಪಿಟೀಲು, ಚೆಲ್ಲೊ, ಕ್ಲಾರಿನೆಟ್ ಮೂರಕ್ಕೆ ಮೆಸಿಯಾನ್ ಒಂದು ಪುಟ್ಟ ತುಣುಕು ಬರೆದುಕೊಟ್ಟರು. ಗೆಳೆಯರು ಅದನ್ನು ಶಿಬಿರದ ಸ್ನಾನದ ಕೋಣೆಯಲ್ಲಿ ನುಡಿಸಿದರು. ಅದು ಈಗ ಕೃತಿಯ ನಾಲ್ಕನೆಯ ಭಾಗ. ಅದರಲ್ಲಿ ಪಿಯಾನೊ ಇಲ್ಲದ್ದಕ್ಕೆ ಕಾರಣ ಸರಳ: ಪಿಯಾನೊ ಇನ್ನೂ ಬಂದಿರಲಿಲ್ಲ. ಚೆಲ್ಲೊ ಕೊಳ್ಳಲು ಸಹಕೈದಿಗಳು ಚಂದಾ ಎತ್ತಿದರು. ಪಾಸ್ಕಿಯೆ ಕಾವಲಿನವರ ಜೊತೆ ಪಟ್ಟಣದ ಅಂಗಡಿಗೆ ಹೋಗಿ ಅದನ್ನು ತಂದರು. ಆಮೇಲೆ ಒಂದು ಹಳೆಯ ನಿಂತ-ಪಿಯಾನೊ ಬಂತು. ಒತ್ತಿದ ಮನೆಗಳು ಕೆಲವು ಮೇಲೇಳುತ್ತಲೇ ಇರಲಿಲ್ಲ.

ಇಲ್ಲಿ ಹೇಳಲೇಬೇಕಾದ ಇನ್ನೊಂದು ಹೆಸರಿದೆ: ಕಾರ್ಲ್ ಆಲ್ಬರ್ಟ್ ಬ್ರ್ಯೂಲ್. ಶಿಬಿರದ ಕಾವಲಿನವರಲ್ಲೊಬ್ಬರು, ವೃತ್ತಿಯಿಂದ ವಕೀಲರು, ಫ್ರೆಂಚ್ ಬಲ್ಲವರು. ಮೆಸಿಯಾನರಿಗೆ ಸ್ವರ ಬರೆಯುವ ಕಾಗದ, ಪೆನ್ಸಿಲು, ರಬ್ಬರು ತಂದುಕೊಟ್ಟವರು ಅವರೇ. ಬರೆಯಲು ಒಂಟಿಯಾದ ಜಾಗ ಕೊಡಿಸಿ ಯಾರೂ ಒಳನುಗ್ಗದಂತೆ ಏರ್ಪಾಡು ಮಾಡಿದವರೂ ಅವರೇ. ಯಹೂದಿ ಕೈದಿಗಳಿಗೆ ಓಡಿಹೋಗುವ ಪ್ರಯತ್ನ ಮಾಡಬೇಡಿ, ಫ್ರಾನ್ಸಿಗಿಂತ ಇಲ್ಲೇ ನಿಮಗೆ ಅಪಾಯ ಕಡಿಮೆ ಎಂದು ಅವರು ಗುಟ್ಟಾಗಿ ಹೇಳುತ್ತಿದ್ದರೆಂಬ ನೆನಪನ್ನು ಉಳಿದವರು ದಾಖಲಿಸಿದ್ದಾರೆ. ಹಿಟ್ಲರನ ಸೈನ್ಯದ ಸಮವಸ್ತ್ರದೊಳಗೆ ಇಂಥವರೂ ಇದ್ದರು.

ಹೀಗೆ ಹುಟ್ಟಿತು 'ಕಾಲದ ಅಂತ್ಯಕ್ಕಾಗಿ ಚತುರ್ವಾದ್ಯ'. ಎಂಟು ಭಾಗ, ಸುಮಾರು ಐವತ್ತು ನಿಮಿಷ. 1941ರ ಜನವರಿ 15ರ ಸಂಜೆ, ಹೊರಗೆ ಹಿಮ ಬಿದ್ದಿರುವಾಗ, 27ನೆಯ ಬ್ಯಾರಕ್ಕಿನಲ್ಲಿ ನಾಲ್ವರೂ ಅದನ್ನು ನುಡಿಸಿದರು. ಪಿಯಾನೊಗೆ ಮೆಸಿಯಾನರೇ ಕುಳಿತರು. ಮುಂದಿನ ಸಾಲಿನಲ್ಲಿ ಜರ್ಮನ್ ಅಧಿಕಾರಿಗಳು, ಹಿಂದೆ ಕೈದಿಗಳು. ರೈತರಿದ್ದರು, ಕೂಲಿಗಳಿದ್ದರು, ಪಾದ್ರಿಗಳಿದ್ದರು, ವೈದ್ಯರಿದ್ದರು. ಬಹುಮಂದಿ ಇಂಥ ಸಂಗೀತವನ್ನು ಜನ್ಮದಲ್ಲಿ ಕೇಳಿದವರಲ್ಲ. ಹಾಗಿದ್ದೂ ಸದ್ದಿಲ್ಲದೆ ಕೇಳಿದರು.

ಈ ಸಂಜೆಯ ಬಗ್ಗೆ ಒಂದು ದಂತಕಥೆ ಬೆಳೆದಿದೆ. ಅದನ್ನು ಬೆಳೆಸಿದವರು ಸ್ವತಃ ಮೆಸಿಯಾನರೇ ಎಂಬುದು ವಿಚಿತ್ರ. ಐದು ಸಾವಿರ ಕೈದಿಗಳು ಕೇಳಿದರು ಎಂದರು. ಪಾಸ್ಕಿಯೆಯ ಚೆಲ್ಲೊಗೆ ಮೂರೇ ತಂತಿ ಇದ್ದವು ಎಂದರು. ಅಮೆರಿಕದ ಕ್ಲಾರಿನೆಟ್ ವಾದಕಿ ರೆಬೆಕಾ ರಿಶಿನ್ ಎಂಬವರು ಬದುಕುಳಿದವರನ್ನೂ ಅವರ ಮನೆಯವರನ್ನೂ ಹುಡುಕಿಕೊಂಡು ಹೋಗಿ ಕೇಳಿ, 2003ರಲ್ಲಿ ಪುಸ್ತಕ ಪ್ರಕಟಿಸಿದ ಮೇಲೆ ಈ ಕಥೆಯ ಗಾಳಿ ಇಳಿಯಿತು. ಆ ಬ್ಯಾರಕ್ಕಿನಲ್ಲಿ ಐದು ಸಾವಿರ ಜನ ಹಿಡಿಸುವುದೇ ಸಾಧ್ಯವಿರಲಿಲ್ಲ. ಮುನ್ನೂರು ನಾನೂರು ಮಂದಿ ಇದ್ದಿರಬೇಕು. ತಂತಿಯ ವಿಷಯದಲ್ಲಿ ಪಾಸ್ಕಿಯೆ ನಗುತ್ತಲೇ ಆಕ್ಷೇಪಿಸುತ್ತಿದ್ದರು: ನಾಲ್ಕೂ ತಂತಿ ಇದ್ದವು, ಮೂರು ತಂತಿಯಲ್ಲಿ ಆ ಕೃತಿಯನ್ನು ನುಡಿಸಲಾಗದೆಂಬುದು ಬರೆದವರಿಗೇ ಗೊತ್ತು ಎಂದು. ಮೆಸಿಯಾನರಿಗೆ ಅದೆಷ್ಟು ಸಲ ಹೇಳಿದರೂ ಅವರು ಮೂರೇ ತಂತಿ ಎನ್ನುತ್ತಿದ್ದರಂತೆ! ಸುಳ್ಳು ಹೇಳುವ ಸ್ವಭಾವದವರಲ್ಲ ಅವರು. ನಮಗೆ ತೋರುವುದೇನೆಂದರೆ, ನಮ್ಮ ಹರಿಕಥೆ ದಾಸರು ಸಂತರ ಚರಿತ್ರೆ ಹೇಳುವಾಗ ಆಗುವಂಥದೇ ಇಲ್ಲಿಯೂ ಆಗಿದೆ. ಅನುಭವ ದೊಡ್ಡದಾಗಿತ್ತು, ಸಂಖ್ಯೆಯೂ ಅದಕ್ಕೆ ತಕ್ಕಂತೆ ಬೆಳೆಯಿತು. ಮುನ್ನೂರು ಮಂದಿ ಎಂದು ತಿಳಿದ ಮೇಲೆ ಆ ಸಂಜೆಯ ಬೆಲೆ ಒಂದು ಕಾಸಿನಷ್ಟೂ ತಗ್ಗಿಲ್ಲ. ಆದರೆ ಇತಿಹಾಸ ಬರೆಯುವವರು ಮುನ್ನೂರನ್ನು ಮುನ್ನೂರೆಂದೇ ಬರೆಯಬೇಕು.

ಇನ್ನು ಕೃತಿಯ ಒಳಗೆ ಹೋಗೋಣ. ಹೆಸರು ಕೇಳಿದ ಕೂಡಲೇ, ಸೆರೆಯ ದಿನಗಳು ಮುಗಿಯಲಿ ಎಂಬ ಹಂಬಲವೇನೋ ಅನ್ನಿಸುತ್ತದೆ. ಮೆಸಿಯಾನ್ ಅದನ್ನು ಅಲ್ಲಗಳೆದರು. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಹತ್ತನೆಯ ಅಧ್ಯಾಯದಲ್ಲಿ ಒಬ್ಬ ದೇವದೂತ ಬರುತ್ತಾನೆ. ಮೋಡವನ್ನು ಹೊದ್ದಿದ್ದಾನೆ, ತಲೆಯ ಮೇಲೆ ಕಾಮನಬಿಲ್ಲು; ಒಂದು ಕಾಲು ಕಡಲ ಮೇಲೆ, ಇನ್ನೊಂದು ನೆಲದ ಮೇಲೆ. ಕೈ ಎತ್ತಿ, ಇನ್ನು ಕಾಲವೆಂಬುದು ಇರುವುದಿಲ್ಲ ಎಂದು ಆಣೆ ಮಾಡುತ್ತಾನೆ. ಆ ದೂತನಿಗೇ ಕೃತಿ ಅರ್ಪಿತ. ಭೂತ ಭವಿಷ್ಯಗಳು ಅಳಿದು ಶಾಶ್ವತವೊಂದೇ ಉಳಿಯುವುದು ಅವರ ಅರ್ಥದಲ್ಲಿ ಕಾಲದ ಅಂತ್ಯ. ಭಾಗಗಳು ಎಂಟೇ ಏಕೆ ಎಂಬುದನ್ನೂ ಅವರು ವಿವರಿಸಿದ್ದಾರೆ: ಆರು ದಿನ ಸೃಷ್ಟಿ, ಏಳನೆಯದು ದೇವರ ವಿಶ್ರಾಂತಿ, ಆ ವಿಶ್ರಾಂತಿ ಅನಂತಕ್ಕೆ ಚಾಚಿಕೊಂಡರೆ ಎಂಟನೆಯ ದಿನ, ಬೆಳಕು ಮಾಸದ ದಿನ.

ಅವರ ಮನಸ್ಸಿನಲ್ಲಿ ಇನ್ನೊಂದು ಅರ್ಥವೂ ಇತ್ತು, ಸಂಗೀತಗಾರನ ಅರ್ಥ. ಸಿಪಾಯಿಗಳ ಕವಾಯತಿನಂತೆ ಒಂದೇ ಸಮ ಎಣಿಸುವ ತಾಳ ಅವರಿಗೆ ಹಿಡಿಸುತ್ತಿರಲಿಲ್ಲ. ಆ ಕಾಲಗಣನೆಯೂ ಮುಗಿಯಲಿ ಎಂಬುದು ಅವರ ಆಸೆ. ನಮ್ಮ ಮಾತಿನಲ್ಲಿ ಇದನ್ನು ಹೇಳುವುದು ಅವರ ಮಾತಿಗಿಂತ ಸುಲಭ. 'ಲಯ' ಎಂಬ ಒಂದೇ ಪದ ನಮ್ಮಲ್ಲಿ ತಾಳದ ನಡೆಗೂ ಸಲ್ಲುತ್ತದೆ, ಎಲ್ಲವೂ ಕರಗಿಹೋಗುವುದಕ್ಕೂ ಸಲ್ಲುತ್ತದೆ. ಮೆಸಿಯಾನರಿಗೆ ಈ ಪದ ಸಿಕ್ಕಿದ್ದರೆ ಕುಣಿದಾಡುತ್ತಿದ್ದರೋ ಏನೋ.

ಆ ತರುಣರ ಎರಡನೆಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. ಲಾವಿನ್ಯಾಕ್ ಎಂಬವರ ಸಂಪಾದಕತ್ವದಲ್ಲಿ ಪ್ಯಾರಿಸಿನಲ್ಲಿ ಹೊರಬಂದ ದೊಡ್ಡ ಸಂಗೀತ ವಿಶ್ವಕೋಶದಲ್ಲಿ ಭಾರತದ ಸಂಗೀತವನ್ನು ಕುರಿತು ಜೊಆನಿ ಗ್ರೊಸೆ ಎಂಬ ವಿದ್ವಾಂಸರು ದೀರ್ಘ ಲೇಖನ ಬರೆದಿದ್ದರು. ಅದರಲ್ಲಿ ಶಾರ್ಙ್ಗದೇವನ 'ಸಂಗೀತ ರತ್ನಾಕರ'ದ 120 ದೇಶೀ ತಾಳಗಳ ಪಟ್ಟಿ ಇತ್ತು. ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಅದು ಮೆಸಿಯಾನರ ಕಣ್ಣಿಗೆ ಬಿತ್ತು. ಹೇಳಿಕೊಡುವವರಿಲ್ಲ, ಕೇಳಿಸುವವರಿಲ್ಲ, ಬರೀ ಪಟ್ಟಿ. ಆ ಪಟ್ಟಿಯನ್ನು ಅವರು ಮಂತ್ರದಂತೆ ಧ್ಯಾನಿಸಿದರು.

ಐವತ್ತೆಂಟನೆಯ ತಾಳ 'ಢೆಂಕೀ'. ಅದರ ಅಂಗಗಳು ಗುರು, ಲಘು, ಗುರು. ಶಾಲೆಯಲ್ಲಿ ಛಂದಸ್ಸು ಕಲಿತ ನಮ್ಮ ಓದುಗರು ಇದು ರಗಣವಲ್ಲವೇ ಎಂದು ಕೂಡಲೇ ಹೇಳಿಯಾರು. ಹೌದು, ರಗಣವೇ. ಅದನ್ನು ಹಿಂದುಮುಂದಾಗಿ ಓದಿದರೂ ಗುರು, ಲಘು, ಗುರುವೇ. ನಾವು ಪಾಠ ಒಪ್ಪಿಸಿ ಮರೆತುಬಿಟ್ಟ ಈ ಸಣ್ಣ ಸಂಗತಿಯಲ್ಲಿ ಮೆಸಿಯಾನರಿಗೆ ಶಾಶ್ವತದ ಸುಳಿವು ಕಂಡಿತು! ಕಾಲ ಮುಂದಕ್ಕೆ ಹರಿಯುತ್ತದೆ, ಹಿಂದಿರುಗುವುದಿಲ್ಲ. ಆದರೆ ಆದಿಯಿಂದ ಅಂತ್ಯಕ್ಕೂ ಅಂತ್ಯದಿಂದ ಆದಿಗೂ ಒಂದೇ ಆಗಿರುವ ನಡೆಯಲ್ಲಿ ಹಿಂದೆ ಯಾವುದು, ಮುಂದೆ ಯಾವುದು? ಹಿಂದಿರುಗಿಸಲಾಗದ ಇಂಥ ನಡೆಗಳನ್ನು ಅವರು ಚತುರ್ವಾದ್ಯದಲ್ಲಿ ಬಳಸಿದರು. ದ್ರುತಕ್ಕೋ ಲಘುವಿಗೋ ವಿರಾಮ ಸೇರಿಸಿ ಅದರ ಅರ್ಧದಷ್ಟು ಬೆಳೆಸುವ ನಮ್ಮ ಶಾಸ್ತ್ರದ ಕ್ರಮದಿಂದಲೂ ಅವರು ಪಾಠ ಕಲಿತರು. ನೇರವಾಗಿ ನಡೆಯುತ್ತಿರುವ ಸಾಲಿನಲ್ಲಿ ಎಲ್ಲೋ ಒಂದೆಡೆ ಅರೆಮಾತ್ರೆ ಹೆಚ್ಚಿಸಿ, ಎಣಿಸುವ ಕಾಲು ಮುಗ್ಗರಿಸುವಂತೆ ಮಾಡಿದರು.

ಮೊದಲನೆಯ ಭಾಗವನ್ನೇ ನೋಡಿ. ನಸುಕಿನ ಮೂರು ನಾಲ್ಕು ಗಂಟೆಯ ಹೊತ್ತು. ಕ್ಲಾರಿನೆಟ್ ಒಂದು ಹಕ್ಕಿಯಾಗಿ, ಪಿಟೀಲು ಇನ್ನೊಂದಾಗಿ ಉಲಿಯುತ್ತವೆ. ಕೆಳಗೆ ಪಿಯಾನೊ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ಮೂರು ದೇಶೀ ತಾಳಗಳನ್ನು ಪೋಣಿಸಿದ 17 ಕಾಲಪ್ರಮಾಣಗಳ ಸರಪಣಿಯನ್ನು ಮತ್ತೆ ಮತ್ತೆ ಸುತ್ತುತ್ತದೆ. ಅದೇ ಪಿಯಾನೊ ನುಡಿಸುವ ಸ್ವರಗುಚ್ಛಗಳು 29. ಹದಿನೇಳು ಮುಗಿದು ಹೊಸ ಸುತ್ತು ಶುರುವಾದಾಗ ಸ್ವರಗುಚ್ಛ ಹದಿನೆಂಟನೆಯದು. ಹೀಗೆ ಎರಡೂ ಚಕ್ರಗಳು ಜಾರುತ್ತ ಹೋಗಿ, ಮೊದಲನೆಯದು ಮೊದಲನೆಯದಕ್ಕೆ ಮತ್ತೆ ಕೂಡಬೇಕಾದರೆ 17ನ್ನು 29ರಿಂದ ಗುಣಿಸಿ 493 ಸ್ವರಗುಚ್ಛ ಸಾಗಬೇಕು. ಇದರ ಜೊತೆಗೆ ಚೆಲ್ಲೊ ತನ್ನದೇ ಐದು ಸ್ವರ, ಹದಿನೈದು ಪ್ರಮಾಣಗಳ ಬೇರೊಂದು ಚಕ್ರ ತಿರುಗಿಸುತ್ತಿರುತ್ತದೆ. ಭಾಗವಾದರೋ ಮೂರು ನಿಮಿಷವೂ ಇಲ್ಲ. ಚಕ್ರ ಮುಗಿಯದೆಯೇ ಸಂಗೀತ ನಿಲ್ಲುತ್ತದೆ. ಎಲ್ಲಿಂದಲೋ ಬಂದ ಪರಿಭ್ರಮಣೆಯ ಒಂದು ತುಣುಕು ಕಿಟಕಿಯಲ್ಲಿ ಕಂಡು ಮರೆಯಾದ ಹಾಗೆ. ತಾಳ ಕೂಡಿ 'ಸಮ'ಕ್ಕೆ ಬಂದಾಗ ಆಹಾ ಎನ್ನುವ ನಾವು, ಸಮವೇ ಬಾರದ ಈ ತಾಳಕ್ಕೆ ಏನೆನ್ನಬೇಕು?

ಐದನೆಯ ಭಾಗ ಚೆಲ್ಲೊ-ಪಿಯಾನೊಗಳದು, ಎಂಟನೆಯದು ಪಿಟೀಲು-ಪಿಯಾನೊಗಳದು. ಒಂದು ಯೇಸುವಿನ ಶಾಶ್ವತತೆಯ ಸ್ತುತಿ, ಇನ್ನೊಂದು ಅವನ ಅಮರತ್ವದ ಸ್ತುತಿ. ಐದನೆಯದನ್ನು ಅನಂತವಾಗಿ ನಿಧಾನದಲ್ಲಿ ನುಡಿಸಬೇಕೆಂದು ಬರೆದಿದ್ದಾರೆ. ನಮ್ಮಲ್ಲಿ ಅತಿವಿಳಂಬ ಕೇಳಿ ರೂಢಿಯಾದವರಿಗೆ ಈ ನಿಧಾನ ಬೆದರಿಸುವುದಿಲ್ಲ. ಅವರ ದೇಶದ ಕೇಳುಗರಿಗೇ ಕಷ್ಟ. ಇಡೀ ಕೃತಿಯಲ್ಲಿ ಯಾವುದನ್ನಾದರೂ ಒಂದನ್ನು ಕೇಳಿ ಎಂದರೆ ನಾವು ಇದನ್ನೇ ಹೇಳುತ್ತೇವೆ. ಕುತೂಹಲದ ಸಂಗತಿಯೆಂದರೆ, ಈ ಎರಡು ಸ್ತುತಿಗಳೂ ಶಿಬಿರದಲ್ಲಿ ಹುಟ್ಟಿದವಲ್ಲ. ಎಂಟನೆಯದು 1930ರ ಒಂದು ಆರ್ಗನ್ ಕೃತಿಯಿಂದ ಬಂದದ್ದು. ಐದನೆಯದು 1937ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ನೀರಿನ ಕಾರಂಜಿಗಳ ಉತ್ಸವಕ್ಕೆಂದು, ಆರು ವಿದ್ಯುತ್ ವಾದ್ಯಗಳಿಗೆ ಬರೆದುಕೊಟ್ಟದ್ದು. ಹಾಳೆ ಇಲ್ಲದೆ ನೆನಪಿನಿಂದಲೇ ಅವನ್ನು ಮತ್ತೆ ಕಟ್ಟಿದರು. ಜಾತ್ರೆಗೆ ಮಾಡಿದ ಧಾಟಿ ಪೂಜೆಗೆ ಒದಗಿತು. ನಮ್ಮ ದಾಸರ ಪದಗಳ ಮಟ್ಟುಗಳ ಚರಿತ್ರೆ ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ.

ಶಾರ್ಙ್ಗದೇವನ ಬಗ್ಗೆ ಎರಡು ಮಾತು ಹೇಳದೆ ಮುಂದುವರಿಯಲಾರೆವು. ಅವನ ಅಜ್ಜ ಕಾಶ್ಮೀರದಿಂದ ದಕ್ಷಿಣಕ್ಕೆ ಬಂದವನು. ಅವನು ದೇವಗಿರಿಯ ಸೇವುಣ ಅರಸ ಸಿಂಘಣನ ಆಸ್ಥಾನದಲ್ಲಿದ್ದುಕೊಂಡು ಹದಿಮೂರನೆಯ ಶತಮಾನದ ಮೊದಲರ್ಧದಲ್ಲಿ ರತ್ನಾಕರವನ್ನು ಬರೆದನು. ಏಳು ಅಧ್ಯಾಯಗಳಲ್ಲಿ ಐದನೆಯದು ತಾಳಕ್ಕೆ ಮೀಸಲು. ಸೇವುಣರ ಶಾಸನಗಳಲ್ಲಿ ಕನ್ನಡದವೇ ಹೆಚ್ಚೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ಗೊತ್ತಿರುವ ಸಂಗತಿ. ಮುಂದೆ ಹದಿನೈದನೆಯ ಶತಮಾನದಲ್ಲಿ ವಿಜಯನಗರದಲ್ಲಿ, ಇಮ್ಮಡಿ ದೇವರಾಯನ ಆಶ್ರಯದಲ್ಲಿ, ಚತುರ ಕಲ್ಲಿನಾಥನು ಅದಕ್ಕೆ 'ಕಲಾನಿಧಿ' ಎಂಬ ವ್ಯಾಖ್ಯಾನ ಬರೆದನು. ಆ ವ್ಯಾಖ್ಯಾನದೊಡನೆ ಮೂಲವನ್ನು 1896-97ರಲ್ಲಿ ಅಚ್ಚು ಹಾಕಿದ್ದು ಪುಣೆಯ ಆನಂದಾಶ್ರಮ. ಹೀಗೆ ದೇವಗಿರಿ, ಹಂಪೆ, ಪುಣೆ ಮೂರೂ ನಮ್ಮ ನೆರೆಹೊರೆಯ ಊರುಗಳೇ. ರತ್ನಾಕರ ಹುಟ್ಟಿದ್ದೂ ಬೆಳೆದದ್ದೂ ನಮ್ಮ ಕಣ್ಣೆದುರಿನಲ್ಲೇ ಎನ್ನಬೇಕು. ಆದರೆ ನಮ್ಮ ಕಚೇರಿಗಳಲ್ಲಿ ಆ 120 ತಾಳಗಳು ಎಂದೋ ಹಿಂದೆ ಸರಿದು, ಸೂಳಾದಿ ಸಪ್ತ ತಾಳಗಳು ನಿಂತವು. ಸಿಂಹನಂದನದಂಥ 128 ಅಕ್ಷರಗಳ ತಾಳವನ್ನು ಯಾರೋ ವಿದ್ವಾಂಸರು ಅಪರೂಪಕ್ಕೆ ಎತ್ತಿಕೊಂಡಾರು, ಅಷ್ಟೇ.

ಮೆಸಿಯಾನ್ ಮಾಡಿದ್ದು ತಾಳವೇ ಎಂದು ನಮ್ಮ ಲಯವಿದ್ವಾಂಸರು ಕೇಳಿದರೆ, ಅಲ್ಲ ಎಂದೇ ನಾವು ಒಪ್ಪಿಕೊಳ್ಳಬೇಕು. ಕ್ರಿಯೆ ಇಲ್ಲ, ಘಾತ ವಿಸರ್ಜಿತಗಳಿಲ್ಲ. ತಾಳವನ್ನು ಆಧಾರವಾಗಿಟ್ಟುಕೊಂಡು ಅದರ ಮೇಲೆ ಹಾಡುವುದೂ ಇಲ್ಲ. ಅವರ ಪಾಲಿಗೆ ರಾಗವರ್ಧನವೆಂದರೆ ಕೆಲವು ಉದ್ದ ಕಿರಿದು ಪ್ರಮಾಣಗಳ ಸಾಲು ಮಾತ್ರ. ಹೆಸರುಗಳಿಗೆ ಅವರು ಹಚ್ಚಿದ ಅರ್ಥಗಳೂ ಅವರವೇ. ಪಟ್ಟಿಯ ಮೂವತ್ತಮೂರನೆಯದಾದ 'ತುರಂಗಲೀಲಾ' ಎಂಬ ಹೆಸರನ್ನು ತಮ್ಮ ಮಹಾ ಸಿಂಫನಿಗೆ ಇಟ್ಟು, ಓಡುವ ಕುದುರೆಯೇ ಕಾಲ, ಲೀಲೆಯೇ ಸೃಷ್ಟಿ ಸ್ಥಿತಿ ಲಯ ಎಂದು ಹೊಸ ಭಾಷ್ಯ ಬರೆದರು. ಅದನ್ನು 1949ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ ಮೊದಲು ನುಡಿಸಿದರು. ಶಾಸ್ತ್ರ ತಪ್ಪಿದರೂ ಶ್ರದ್ಧೆ ತಪ್ಪಲಿಲ್ಲ ಎಂಬುದು ನಮ್ಮ ತೀರ್ಮಾನ. ಕಲ್ಲಿನಾಥ ಇದ್ದಿದ್ದರೆ ಏನನ್ನುತ್ತಿದ್ದನೋ!

ಈ ಕಥೆಯಲ್ಲಿ ನಮ್ಮನ್ನು ಹೆಚ್ಚು ಕಾಡಿದ ಸಂಗತಿ ಬೇರೆ. ಕ್ರೈಸ್ತ ನಂಬಿಕೆಯಿಂದ ತುಂಬಿ ತುಳುಕುವ ಈ ಕೃತಿಯನ್ನು ಮೊದಲು ನುಡಿಸಿದ ನಾಲ್ವರಲ್ಲಿ ಆ ನಂಬಿಕೆಯಿದ್ದವರು ಬರೆದವರೊಬ್ಬರೇ. ಪಾಸ್ಕಿಯೆ ಸಂಶಯವಾದಿ. ಲ ಬುಲೇರ್ ನಾಸ್ತಿಕರು. ಅಕೋಕಾ ಯಹೂದಿ, ರಾಜಕೀಯದಲ್ಲಿ ಟ್ರಾಟ್‌ಸ್ಕಿಯ ಪಂಥದವರು. ಶಿಬಿರದಿಂದ ತಪ್ಪಿಸಿಕೊಂಡು ಹೋಗೋಣ ಎಂದು ಅಕೋಕಾ ಕರೆದಾಗ, ನಾನಿಲ್ಲಿರುವುದು ದೇವರ ಇಚ್ಛೆ ಎಂದು ಮೆಸಿಯಾನ್ ಉಳಿದುಕೊಂಡರಂತೆ. ಇದು ಅಕೋಕಾ ಮನೆಯವರ ನೆನಪು. ದೇವರ ಇಚ್ಛೆ ಎನ್ನುವ ಮಾತು ಕ್ಯಾಥೊಲಿಕರ ಬಾಯಲ್ಲಿ ಒಂದು ತೂಕದ್ದು. 1941ರ ಯೂರೋಪಿನಲ್ಲಿ ಯಹೂದಿಯ ಕಿವಿಯಲ್ಲಿ ಅದರ ತೂಕವೇ ಬೇರೆ. ಫೆಬ್ರವರಿಯಲ್ಲಿ ಸಂಗೀತಗಾರರನ್ನು ಊರಿಗೆ ಕಳುಹಿಸುವ ಏರ್ಪಾಡಾದಾಗ ಮೆಸಿಯಾನ್, ಪಾಸ್ಕಿಯೆ ಹೊರಟರು. ಅಕೋಕಾರೂ ಹೊರಟಿದ್ದರು. ಕೊನೆಯ ಗಳಿಗೆಯಲ್ಲಿ ಅಧಿಕಾರಿಯೊಬ್ಬ ಯಹೂದಿಯೆಂದು ಅವರನ್ನು ಎಳೆದು ಇಳಿಸಿದ. ಅವರು ಸುಮ್ಮನೆ ಕೂರಲಿಲ್ಲ. ಆ ಏಪ್ರಿಲಿನಲ್ಲಿ ಇನ್ನೊಂದು ಕಡೆಗೆ ಸಾಗಿಸಿದ್ದಾಗ, ಕ್ಲಾರಿನೆಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ರೈಲಿನ ಮೇಲೇರಿ ಪಾರಾದರು. 1975ರವರೆಗೆ ಬದುಕಿದರು.

ಲ ಬುಲೇರ್ ಮುಂದೆ ಪಿಟೀಲು ಬಿಟ್ಟು ಜಾನ್ ಲಾನಿಯೆ ಎಂಬ ಹೆಸರಿನಲ್ಲಿ ನಟರಾದರು. ಮುದುಕರಾದ ಮೇಲೂ ಆ ಸಂಜೆಯನ್ನು ನೆನೆದಾಗ ಅವರ ಕಂಠ ತುಂಬಿ ಬರುತ್ತಿತ್ತಂತೆ. ಎಂಟನೆಯ ಭಾಗದ ಕೊನೆಯಲ್ಲಿ ಪಿಟೀಲು ಮೇಲೇರಿ ಏರಿ, ಇನ್ನು ಏರಲಾಗದ ಎತ್ತರದಲ್ಲಿ ಸಣ್ಣಗಾಗಿ ನಿಲ್ಲುತ್ತದೆ. ಅಲ್ಲಿ ದೇವರನ್ನು ಒಪ್ಪದ ಒಬ್ಬ ಕೈದಿಯ ಕಮಾನು ಇತ್ತು ಎಂಬುದನ್ನು ನೆನೆದರೆ, ನಂಬಿಕೆ ಇದ್ದವರಷ್ಟೇ ಈ ಸಂಗೀತ ನುಡಿಸಬಲ್ಲರು, ಕೇಳಬಲ್ಲರು ಎಂದು ಹೇಳುವ ಧೈರ್ಯ ನಮಗಿಲ್ಲ. ಇಷ್ಟಾಗಿಯೂ ನಂಬಿಕೆಯಿಲ್ಲದವರು ಇದನ್ನು ಬರೆಯಬಲ್ಲವರಾಗಿದ್ದರೇ? ಆ ಪ್ರಶ್ನೆಗೂ ನಾವು ಹೌದೆನ್ನಲಾರೆವು.

ಪ್ಯಾರಿಸಿಗೆ ಮರಳಿದ ಮೆಸಿಯಾನ್ ಅದೇ ವರ್ಷ ಅಲ್ಲಿಯ ಸಂಗೀತ ಮಹಾವಿದ್ಯಾಲಯದಲ್ಲಿ ಅಧ್ಯಾಪಕರಾದರು. 1941ರ ಜೂನ್ 24ರಂದು ಚತುರ್ವಾದ್ಯ ಪ್ಯಾರಿಸಿನಲ್ಲಿ ನುಡಿಯಿತು. ಪಾಸ್ಕಿಯೆ ಅಲ್ಲಿಯೂ ಚೆಲ್ಲೊ ಹಿಡಿದಿದ್ದರು. ಪಿಟೀಲು ಮತ್ತು ಕ್ಲಾರಿನೆಟ್ ಬೇರೆಯವರ ಕೈಯಲ್ಲಿದ್ದವು. ಯುದ್ಧ ಮುಗಿಯುವ ಹೊತ್ತಿಗೆ, 1945ರ ಏಪ್ರಿಲಿನಲ್ಲಿ, ಸ್ತ್ರೀಯರ ವೃಂದಗಾನಕ್ಕೆಂದು ಬರೆದ 'ದೈವಸಾನ್ನಿಧ್ಯದ ಮೂರು ಪುಟ್ಟ ಪೂಜೆಗಳು' ಪ್ರಕಟವಾದಾಗ ದೊಡ್ಡ ಗಲಾಟೆಯಾಯಿತು. ಸಾಹಿತ್ಯವೂ ಅವರದೇ. ಶ್ರೋತೃಗಳು ಮೆಚ್ಚಿದರು, ಪತ್ರಿಕೆಯ ವಿಮರ್ಶಕರು ಸಿಡಿದರು. ದೇವರ ಹೆಸರಿನಲ್ಲಿ ಇಷ್ಟು ಬಣ್ಣ, ಇಷ್ಟು ಮೋಹಕ ನಾದವೇ, ಅದಕ್ಕೆ ಇಷ್ಟುದ್ದ ವ್ಯಾಖ್ಯಾನಗಳೇ ಎಂಬುದು ಅವರ ತಕರಾರು. ತಿಂಗಳುಗಟ್ಟಲೆ ವಾದ ನಡೆಯಿತು. ನಮ್ಮಲ್ಲಿ ಮಧುರಭಾವದ ಪದಗಳಿಗೆ ಮೂಗು ಮುರಿದವರ ವಾದವೂ ಹೆಚ್ಚು ಕಡಿಮೆ ಇದೇ ಆಗಿತ್ತು.

ಎರಡು ಮಹಾಯುದ್ಧಗಳಲ್ಲಿ ಸತ್ತವರ ಸ್ಮರಣೆಗೆ ಫ್ರೆಂಚ್ ಸರಕಾರ ಕೇಳಿದಾಗ ಮೆಸಿಯಾನ್ 1964ರಲ್ಲಿ ಬರೆದ ಗಾಳಿವಾದ್ಯ-ಘಂಟೆಗಳ ಕೃತಿ ಮೃತರ ಪುನರುತ್ಥಾನವನ್ನು ಕುರಿತದ್ದು. ಅದರೊಳಗೆ 'ಸಿಂಹವಿಕ್ರಮ' ಎಂಬ ದೇಶೀ ತಾಳವಿದೆ, ಹದಿನೈದು ಮಾತ್ರೆಗಳದ್ದು. ಹದಿನೈದೆಂದರೆ ಮೂರು ಐದುಗಳು, ಐದು ಶಿವನ ಸಂಖ್ಯೆ, ಶಿವನು ಮೃತ್ಯುವನ್ನು ಗೆದ್ದವನು ಎಂದು ಅವರದೇ ವಿವರಣೆ. ಕ್ರಿಸ್ತನ ಪುನರುತ್ಥಾನದ ನಡುವೆ ನಮ್ಮ ಮೃತ್ಯುಂಜಯ! ಇದೇ ಕಾಲದಲ್ಲಿ, 1962ರಲ್ಲಿ, ಬಾಂಬಿಗೆ ಸಿಕ್ಕಿ ನೆಲಸಮವಾಗಿದ್ದ ಕಾವೆಂಟ್ರಿಯ ಚರ್ಚನ್ನು ಮತ್ತೆ ಕಟ್ಟಿದಾಗ ಇಂಗ್ಲೆಂಡಿನ ಬೆಂಜಮಿನ್ ಬ್ರಿಟನ್ 'ಯುದ್ಧದ ರೆಕ್ವಿಯಂ' ಎಂಬ ಮಹಾ ವೃಂದಗಾನವನ್ನು ಅರ್ಪಿಸಿದರು. ಅಲ್ಲಿ ಲ್ಯಾಟಿನ್ ಪ್ರಾರ್ಥನೆಯ ಮಗ್ಗುಲಲ್ಲೇ, ಯುದ್ಧದಲ್ಲಿ ಸತ್ತ ಕವಿ ವಿಲ್ಫ್ರೆಡ್ ಓವನ್ನನ ಕವನಗಳು ದೇವರನ್ನೇ ಕಟಕಟೆಗೆ ಎಳೆಯುತ್ತವೆ. ಮೆಸಿಯಾನರಿಗೆ ಆ ಜಗಳ ಗೊತ್ತಿಲ್ಲ. ಇಬ್ಬರನ್ನೂ ಒಟ್ಟಿಗೆ ಕೇಳಿದರೆ ಆ ಶತಮಾನದ ಎರಡು ಬಗೆಯ ಭಕ್ತಿ ತಿಳಿಯುತ್ತದೆ.

ಜ್ಗೊಜೆಲೆತ್ಸ್‌ನಲ್ಲಿ ಶಿಬಿರವಿದ್ದ ಜಾಗದಲ್ಲಿ ಈಗ ಒಂದು ಸ್ಮಾರಕ ಕೇಂದ್ರವಿದೆ. ಪ್ರತಿ ವರ್ಷ ಜನವರಿ 15ರಂದು ಅಲ್ಲಿ ಚತುರ್ವಾದ್ಯ ನುಡಿಸುತ್ತಾರೆ. ನದಿಯ ಈಚೆಯ ಪೋಲರು, ಆಚೆಯ ಜರ್ಮನರು ಇಬ್ಬರೂ ಬಂದು ಕೂರುತ್ತಾರೆ.

ಕಾಗದ ಪೆನ್ಸಿಲು ಕೊಟ್ಟ ಬ್ರ್ಯೂಲ್ ಮುಂದೇನಾದರು ಎಂದು ಕೇಳಬಹುದು. ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ ಅವರು ಪ್ಯಾರಿಸಿಗೆ ಬಂದು ಮೆಸಿಯಾನರ ಮನೆ ಹುಡುಕಿಕೊಂಡು ಹೋದರಂತೆ. ಬಾಗಿಲು ಕಾಯುವವರು ಒಳಗೆ ತಿಳಿಸಿ ಬಂದು, ಅವರಿಗೆ ನಿಮ್ಮನ್ನು ಕಾಣುವ ಮನಸ್ಸಿಲ್ಲ ಎಂದರು. ಬ್ರ್ಯೂಲ್ ಬಂದ ದಾರಿಯಲ್ಲೇ ಮರಳಿದರು. ಒಳಗಿದ್ದವರು ಹಾಗೇಕೆ ಹೇಳಿಕಳುಹಿಸಿದರೋ, ಹಳೆಯ ದಿನಗಳ ನೆನಪೇ ಬೇಡವೆನಿಸಿತೋ ಏನೋ. ಆಮೇಲೆ ಮೆಸಿಯಾನರಿಗೆ ಪಶ್ಚಾತ್ತಾಪವಾಗಿ ಅವರನ್ನು ಹುಡುಕಿಸಿದರು. ಅಷ್ಟು ಹೊತ್ತಿಗೆ ಬ್ರ್ಯೂಲ್ ಮೋಟಾರು ಅಪಘಾತದಲ್ಲಿ ತೀರಿಕೊಂಡಿದ್ದರು.